ಅರಗಿನ ತಟ್ಟೆಯಲ್ಲಿ ಉಳಿದ ಸೊನಾಟ

ಒಂದು ಭಾನುವಾರದ ಮಧ್ಯಾಹ್ನ ಹಳೆಯ ಪಿಯಾನೊ ಧ್ವನಿಮುದ್ರಿಕೆಯೊಂದನ್ನು ಹಾಕಿಕೊಂಡು ಕುಳಿತಿದ್ದೆ. ಕೃತಿ ಬೀಥೋವನ್‌ನದು, ‘ಹ್ಯಾಮರ್‌ಕ್ಲಾವಿಯರ್’ ಎಂದು ಹೆಸರಾದ ಸೊನಾಟ. ನುಡಿಸಿದವರು ಆರ್ಟುರ್ ಶ್ನಾಬೆಲ್. ಮುದ್ರಣವಾದದ್ದು 1935ರಲ್ಲಿ, ಲಂಡನ್ನಿನಲ್ಲಿ. ಪಿಯಾನೊ ಕಲಿಯುತ್ತಿರುವ ನನ್ನ ತಮ್ಮನ ಮಗಳು ಯಾವುದೋ ಕೆಲಸಕ್ಕೆಂದು ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, ‘ದೊಡ್ಡಪ್ಪ, ಇವರು ತಪ್ಪು ನುಡಿಸ್ತಾ ಇದ್ದಾರೆ’ ಎಂದಳು.

ಅವಳ ಮಾತು ನಿಜವಾಗಿತ್ತು. ಆ ಸೊನಾಟದ ಮೊದಲ ಭಾಗದಲ್ಲಿ ಶ್ನಾಬೆಲ್ ಅವರ ಬೆರಳುಗಳು ಒಂದಲ್ಲ, ಹಲವು ಕಡೆ ಪಕ್ಕದ ಮನೆಗೆ ಬೀಳುತ್ತವೆ. ಕೆಲವು ಸ್ವರಗಳು ಒಂದರ ಮೇಲೊಂದು ಕಲೆಸಿಕೊಂಡುಬಿಡುತ್ತವೆ. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಲೋಕಕ್ಕೆಲ್ಲ ಗೊತ್ತಿರುವ ಸಂಗತಿಯಿದು. ಹಾಗೆಂದು ಒಪ್ಪಿಕೊಂಡೆ. ಅವಳು ಬಿಡಲಿಲ್ಲ. ‘ಇದನ್ನೇ ತಪ್ಪಿಲ್ಲದೆ ನುಡಿಸಿರೋದು ಎಷ್ಟೋ ಇದೆ. ಈ ಗರಗರ ಸದ್ದಿನಲ್ಲಿ ಇದನ್ನ ಯಾಕೆ ಕೇಳ್ತೀರಿ?’

ಅದು ಬಾಯಿಗೆ ಬಂದಂತೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಕೆಲವು ವಾರಗಳ ಹಿಂದೆ ಪರೀಕ್ಷೆಯೊಂದರಲ್ಲಿ ಅವಳು ನುಡಿಸುತ್ತಿದ್ದಾಗ ಒಂದು ಕಡೆ ಬೆರಳು ತಪ್ಪಿ, ಗಾಬರಿಯಾಗಿ, ಮುಂದಕ್ಕೆ ಹೋಗಲಾರದೆ ನಿಂತುಬಿಟ್ಟಿದ್ದಳು. ಅಂದಿನಿಂದ ಪಾಠಕ್ಕೆ ಹೋಗುವುದನ್ನೇ ಬಿಡುತ್ತೇನೆಂಬ ಮಾತು ಮನೆಯಲ್ಲಿ ನಡೆಯುತ್ತಿತ್ತು. ತಾನು ಕೇಳುವ ಧ್ವನಿಮುದ್ರಿಕೆಗಳಲ್ಲಿ ಯಾರೂ ತಪ್ಪುವುದಿಲ್ಲ, ತಾನು ಮಾತ್ರ ತಪ್ಪುತ್ತೇನೆ ಎಂಬುದು ಅವಳ ಕೊರಗು. ಆದುದರಿಂದ ಅವಳ ಪ್ರಶ್ನೆಗೆ ನಾನು ಸರಿಯಾದ ಉತ್ತರವನ್ನೇ ಕೊಡಬೇಕಾಗಿತ್ತು. ಅಂದು ಹೇಳಿದ್ದು ಸ್ವಲ್ಪ. ಹೇಳಲಾಗದೆ ಉಳಿದದ್ದು ಬಹಳ. ಅದನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿ ನೋಡುವ ಪ್ರಯತ್ನ ಮಾಡಿದ್ದೇನೆ.

ನಾಲ್ಕು ನಿಮಿಷಗಳ ಗಡುವು

ಮೊದಲು ಆ ಗರಗರ ಸದ್ದಿನ ವಿಚಾರ. ಎಪ್ಪತ್ತೆಂಟು ಸುತ್ತಿನ ಗ್ರಾಮಫೋನ್ ತಟ್ಟೆಯನ್ನು ನಮ್ಮ ಹಿರಿಯರು ‘ಪ್ಲೇಟು’ ಎನ್ನುತ್ತಿದ್ದರು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ಮರದ ಕೊಂಬೆಗಳ ಮೇಲೆ ಕೂರುವ ಅರಗಿನ ಹುಳು ಸ್ರವಿಸುವ ಅಂಟನ್ನು ಕರಗಿಸಿ, ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ, ಬಿಸಿಯಿರುವಾಗಲೇ ಅಚ್ಚಿನಲ್ಲಿ ಒತ್ತುತ್ತಿದ್ದರು. ಆ ಕಾಲದಲ್ಲಿ ಜಗತ್ತಿಗೆ ಅರಗನ್ನು ಒದಗಿಸುತ್ತಿದ್ದ ದೇಶಗಳಲ್ಲಿ ಮುಖ್ಯವಾದುದು ಭಾರತ. ಅದರಲ್ಲಿಯೂ ಛೋಟಾ ನಾಗಪುರದ ಕಾಡುಗಳು. ಲಂಡನ್ನಿನಲ್ಲಿ ಮುದ್ರಿತವಾದ ಬೀಥೋವನ್ ಸೊನಾಟಗಳಿಗೂ ನಮ್ಮ ಕಾಡಿನ ಅರಗಿಗೂ ಇಂಥದೊಂದು ನಂಟಿದೆ. ಕಲ್ಲಿನ ಪುಡಿ ಬೆರೆತ ಆ ಗಡುಸು ಮೈಮೇಲೆ ಉಕ್ಕಿನ ಮುಳ್ಳು ಉಜ್ಜಿಕೊಂಡು ಹೋಗುವಾಗ ಏಳುವ ಸದ್ದೇ ನಾವು ಕೇಳುವ ಗರಗರ. ಅದು ಸಂಗೀತದ ದೋಷವಲ್ಲ. ಸಂಗೀತವನ್ನು ಹೊತ್ತುಕೊಂಡ ವಸ್ತುವಿನ ಗುಣ.

ಹನ್ನೆರಡು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು, ನಾಲ್ಕೂವರೆ ನಿಮಿಷಗಳ ಸಂಗೀತ. ಇಪ್ಪತ್ತು ಮೂವತ್ತು ನಿಮಿಷಗಳ ಸೊನಾಟವನ್ನು ಮುದ್ರಿಸಬೇಕಾದರೆ ಅದನ್ನು ಹಲವು ತುಂಡುಗಳಾಗಿ ಒಡೆಯಬೇಕು. ಕಲಾವಿದ ನಾಲ್ಕು ನಿಮಿಷ ನುಡಿಸಿ ನಿಲ್ಲಿಸಬೇಕು. ಹೊಸ ಮೇಣದ ತಟ್ಟೆಯನ್ನು ಸಿದ್ಧಪಡಿಸುವವರೆಗೆ ಕಾಯಬೇಕು. ಆಮೇಲೆ ನಿಲ್ಲಿಸಿದ ಜಾಗದಿಂದಲೇ, ಅದೇ ಕಾವಿನಲ್ಲಿ, ಅದೇ ಕಾಲಪ್ರಮಾಣದಲ್ಲಿ ಮುಂದುವರಿಸಬೇಕು. ಒಂದು ಮುಖ ಮುಗಿಯುವ ಹೊತ್ತಿಗೆ ತಪ್ಪಾಯಿತೆಂದರೆ ಇರುವ ದಾರಿಗಳು ಎರಡೇ: ಪೂರ್ತಿ ನಾಲ್ಕು ನಿಮಿಷಗಳನ್ನು ಮತ್ತೆ ನುಡಿಸುವುದು, ಇಲ್ಲವೇ ಆ ತಪ್ಪನ್ನು ಹಾಗೆಯೇ ಬಿಡುವುದು. ತಪ್ಪಿದ ಒಂದು ಸ್ವರವನ್ನಷ್ಟೇ ಕತ್ತರಿಸಿ ತೆಗೆದು ಇನ್ನೊಂದನ್ನು ಅಂಟಿಸುವ ಸೌಕರ್ಯ ಬಂದದ್ದು 1940ರ ದಶಕದ ಕೊನೆಯ ಹೊತ್ತಿಗೆ, ಕಾಂತೀಯ ಟೇಪು ಬಳಕೆಗೆ ಬಂದ ಮೇಲೆ.

ಇಂದು ನಾವು ಕೇಳುವ ನಿರ್ದೋಷವಾದ ಪಿಯಾನೊ ವಾದನಗಳಲ್ಲಿ ಅನೇಕವು ಹೀಗೆ ಕತ್ತರಿಸಿ ಜೋಡಿಸಿದವು. ಅದರಲ್ಲಿ ಮೋಸವೇನೂ ಇಲ್ಲ. ಸಿನಿಮಾ ತೆಗೆಯುವುದೂ ಹಾಗೆಯೇ. ಆದರೆ ಕಲಿಯುವ ಮಕ್ಕಳಿಗೆ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಹತ್ತು ಸಲ ನುಡಿಸಿದ್ದರಿಂದ ಆಯ್ದು ಕೂಡಿಸಿದ ವಾದನವನ್ನು ತಮ್ಮ ಒಂದು ಸಲದ ವಾದನದೊಂದಿಗೆ ಹೋಲಿಸಿಕೊಂಡು ಅವರು ಕುಗ್ಗುತ್ತಾರೆ.

ಶ್ನಾಬೆಲ್ ಅವರನ್ನು ಮುದ್ರಣಕ್ಕೆ ಒಪ್ಪಿಸಿದವರು ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯ ಫ್ರೆಡ್ ಗೈಸ್‌ಬರ್ಗ್. ಈ ಹೆಸರು ನಮಗೆ ತೀರ ಅಪರಿಚಿತವೇನಲ್ಲ. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡು ಹೋದವರು ಅವರೇ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದಾದ ಎರಡು ವರ್ಷಗಳಿಗೆ, 1932ರಲ್ಲಿ, ಗೈಸ್‌ಬರ್ಗ್ ಲಂಡನ್ನಿನ ಅಬೆ ರೋಡ್ ಸ್ಟುಡಿಯೊದಲ್ಲಿ ಶ್ನಾಬೆಲ್ ಅವರನ್ನು ಪಿಯಾನೊದ ಮುಂದೆ ಕೂರಿಸಿದರು.

ಶ್ನಾಬೆಲ್ ತಪ್ಪಿದ್ದು ಏಕೆ?

ಬೀಥೋವನ್ ಪಿಯಾನೊಗೆಂದು ಬರೆದು ಕೃತಿಸಂಖ್ಯೆ ಕೊಟ್ಟು ಪ್ರಕಟಿಸಿದ ಸೊನಾಟಗಳು 32. ‘ಸೊನಾಟ’ ಎಂಬ ಇಟಾಲಿಯನ್ ಪದಕ್ಕೆ ‘ನುಡಿಸುವಂಥದು’ ಎಂದಷ್ಟೇ ಮೂಲಾರ್ಥ, ಹಾಡುವಂಥದು ‘ಕಾಂಟಾಟ’. ಕಾಲಕ್ರಮದಲ್ಲಿ ಅದು ಎರಡು, ಮೂರು ಅಥವಾ ನಾಲ್ಕು ಭಾಗಗಳ ಒಂದು ದೊಡ್ಡ ಕಟ್ಟಡವಾಯಿತು. ಸಾಮಾನ್ಯವಾಗಿ ಮೊದಲ ಭಾಗದಲ್ಲಿ ಒಂದಕ್ಕೊಂದು ಭಿನ್ನವಾದ ಎರಡು ಸಂಗೀತ ವಾಕ್ಯಗಳನ್ನು ಮುಂದಿಡುತ್ತಾರೆ; ಆಮೇಲೆ ಅವನ್ನು ಒಡೆದು, ತಿರುಚಿ, ಬೇರೆ ಬೇರೆ ಶ್ರುತಿಗಳಲ್ಲಿ ಅಲೆಸುತ್ತಾರೆ; ಕೊನೆಗೆ ಹೊರಟ ಮನೆಗೇ ಕರೆತರುತ್ತಾರೆ. ದೂರ ಹೋಗಿ ಮರಳುವುದರ ಸುಖವನ್ನು ಪಲ್ಲವಿ ಕೇಳಿ ಬಲ್ಲವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ 32 ಸೊನಾಟಗಳನ್ನೂ ಪೂರ್ತಿಯಾಗಿ ಮೊದಲ ಬಾರಿಗೆ ಮುದ್ರಿಸಿದವರು ಶ್ನಾಬೆಲ್. 1932ರಿಂದ 1935ರ ಅವಧಿಯಲ್ಲಿ. ಅಂಗಡಿಯಲ್ಲಿಟ್ಟು ಮಾರಿದರೆ ಇದು ಗಿಟ್ಟುವ ವ್ಯಾಪಾರವಲ್ಲವೆಂದು ಕಂಪನಿಗೆ ಗೊತ್ತಿತ್ತು. ಅದಕ್ಕೊಂದು ಉಪಾಯ ಆಗಲೇ ಬಳಕೆಯಲ್ಲಿತ್ತು. ವಾಲ್ಟರ್ ಲೆಗ್ ಎಂಬ ತರುಣ ಹ್ಯೂಗೊ ವೋಲ್ಫ್‌ನ ಗೀತೆಗಳನ್ನು ಮುದ್ರಿಸಲೆಂದು, ಮೊದಲೇ ಹಣ ಕೊಡುವ 500 ಮಂದಿ ಚಂದಾದಾರರ ಸಂಘವೊಂದನ್ನು ಕಟ್ಟಿದ್ದರು. ಪುಸ್ತಕ ಪ್ರಕಟಣೆಗೆ ಮುನ್ನವೇ ಹಣ ಕಟ್ಟಿಸಿಕೊಳ್ಳುವ ನಮ್ಮ ಪದ್ಧತಿಯಂತೆ. ಅದೇ ಮಾದರಿಯಲ್ಲಿ ‘ಬೀಥೋವನ್ ಸೊನಾಟ ಸೊಸೈಟಿ’ ಹುಟ್ಟಿಕೊಂಡಿತು. ಆ ಲೆಗ್ ಅವರ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಮುಂದೆ ಮೈಸೂರಿಗೂ ಬರುತ್ತಾರೆ.

ಶ್ನಾಬೆಲ್ 1882ರಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಪೋಲೆಂಡಿನಲ್ಲಿರುವ ಊರೊಂದರಲ್ಲಿ ಜನಿಸಿದ ಯಹೂದಿ. ವಿಯೆನ್ನಾದಲ್ಲಿ ಲೆಶೆಟಿಟ್ಸ್ಕಿ ಎಂಬ ಪ್ರಸಿದ್ಧ ಗುರುವಿನ ಬಳಿ ಕಲಿತರು. ನೀನು ಎಂದಿಗೂ ಪಿಯಾನೊ ವಾದಕನಾಗಲಾರೆ, ನೀನು ಸಂಗೀತಗಾರ ಎಂದು ಆ ಗುರು ಹೇಳಿದ್ದರಂತೆ. ಬೀಥೋವನ್ ತೀರಿಕೊಂಡು ನೂರು ವರ್ಷವಾದ 1927ರಲ್ಲಿ ಬರ್ಲಿನ್ನಿನಲ್ಲಿ ಎಲ್ಲ ಸೊನಾಟಗಳನ್ನೂ ಸರಣಿ ಕಛೇರಿಗಳಲ್ಲಿ ನುಡಿಸಿದರು. ಪ್ರತಿ ಚಿಹ್ನೆಗೂ ಅಡಿಟಿಪ್ಪಣಿ ಬರೆದು ಅವುಗಳ ಸ್ವರಲಿಪಿಯನ್ನು ಸಂಪಾದಿಸಿದರು. ಆದರೆ ಮುದ್ರಣವೆಂದರೆ ಅವರಿಗೆ ಬಹುಕಾಲ ಆಗುತ್ತಿರಲಿಲ್ಲ. ವಾದನವೆಂಬುದು ಒಂದೇ ಸಲ ಆಗಿ ಮುಗಿಯಬೇಕಾದುದು. ಅದನ್ನು ಹಿಡಿದು ನಿಲ್ಲಿಸುವುದು ಅದರ ಸ್ವಭಾವಕ್ಕೇ ವಿರುದ್ಧವೆಂಬುದು ಅವರ ನಿಲುವು. ಒಪ್ಪಿಕೊಂಡ ಮೇಲೂ ಆ ಕೆಲಸ ಅವರಿಗೆ ಹಿಂಸೆಯಾಗಿಯೇ ಇತ್ತು.

ಮುದ್ರಣ ನಡೆಯುತ್ತಿದ್ದ ನಡುವೆಯೇ ಅವರ ಬದುಕು ಎರಡು ತುಂಡಾಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಆ ವರ್ಷವೇ ಜರ್ಮನಿಯನ್ನು ಬಿಟ್ಟ ಶ್ನಾಬೆಲ್ ಮತ್ತೆಂದೂ ಅಲ್ಲಿಗೆ ಕಾಲಿಡಲಿಲ್ಲ. ವಿಯೆನ್ನಾದಲ್ಲೇ ಉಳಿದ ಅವರ ವೃದ್ಧ ತಾಯಿಯನ್ನು 1942ರಲ್ಲಿ ನಾಜಿಗಳು ಟೆರೆಸೀನ್‌ಶ್ಟಾಟ್ ಶಿಬಿರಕ್ಕೆ ಸಾಗಿಸಿದರು. ಆಕೆ ಅಲ್ಲಿಯೇ ತೀರಿಕೊಂಡರು. 32 ಸೊನಾಟಗಳ ಈ ಸಾಲಿನಲ್ಲಿ ಮೊದಲಿನವು ಬರ್ಲಿನ್ನಿನ ನಿವಾಸಿಯೊಬ್ಬ ನುಡಿಸಿದವು. ಆಮೇಲಿನವು ಮನೆ ಕಳೆದುಕೊಂಡವನೊಬ್ಬ ನುಡಿಸಿದವು. ಹಾಗೆಂದು ಆ ವ್ಯತ್ಯಾಸ ಕಿವಿಗೆ ಕೇಳಿಸುತ್ತದೆಂದು ನಾನು ಹೇಳಲಾರೆ. ದುಃಖವನ್ನು ನಾವು ತಿಳಿದುಕೊಂಡು ಆಮೇಲೆ ಸಂಗೀತದಲ್ಲಿ ಹುಡುಕುವುದು ಸುಲಭ. ಕೇಳಿಸುವುದು ಇನ್ನೊಂದು: ಕೊನೆಯವರೆಗೂ ಬೀಥೋವನ್‌ನ ಬರಹವನ್ನೇ ನಂಬಿ ನಡೆದ ಹಟ.

‘ಹ್ಯಾಮರ್‌ಕ್ಲಾವಿಯರ್’ ಆ ಹಟದ ದೊಡ್ಡ ನಿದರ್ಶನ. ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದ್ದ ದಿನಗಳಲ್ಲಿ, 1817-18ರಲ್ಲಿ, ಬೀಥೋವನ್ ಇದನ್ನು ರಚಿಸಿದ. ತನ್ನ 32 ಸೊನಾಟಗಳಲ್ಲಿ ಕಾಲಮಾಪಕ ಯಂತ್ರದ ಲೆಕ್ಕದಲ್ಲಿ ವೇಗವನ್ನು ಆತ ತಾನೇ ಸೂಚಿಸಿದ್ದು ಇದೊಂದಕ್ಕೆ ಮಾತ್ರ. ಮೊದಲ ಭಾಗಕ್ಕೆ ಕೊಟ್ಟ ವೇಗವಾದರೋ ಮನುಷ್ಯರ ಕೈಗೆ ನಿಲುಕುವುದು ಕಷ್ಟ ಎನ್ನುವಷ್ಟು ದ್ರುತ. ಆ ಅಂಕಿಯೇ ತಪ್ಪಿರಬೇಕೆಂದು ಪಕ್ಕಕ್ಕಿಟ್ಟು ನಿಧಾನವಾಗಿ ನುಡಿಸುವ ವಾದಕರೇ ಹೆಚ್ಚು. ಅವರಿಗೆ ಆ ಭಾಗ ಹತ್ತು, ಹನ್ನೊಂದು ನಿಮಿಷಗಳಾಗುತ್ತದೆ. ಶ್ನಾಬೆಲ್ ಅಂಕಿಯನ್ನು ನಂಬಿದರು. ಒಂಬತ್ತು ನಿಮಿಷವೂ ತುಂಬುವ ಮೊದಲೇ ಮುಗಿಸಿದರು. ಬೆರಳುಗಳು ತಪ್ಪಿದ್ದು ಈ ಕಾರಣಕ್ಕೆ.

ವೇಗವನ್ನು ತಗ್ಗಿಸಿದ್ದರೆ ಪ್ರತಿ ಸ್ವರವೂ ಶುದ್ಧವಾಗಿ ಬರುತ್ತಿತ್ತು. ಆದರೆ ಬೀಥೋವನ್ ಆ ಭಾಗದಲ್ಲಿಟ್ಟ ಉನ್ಮಾದ, ನೆಲ ಬಿಟ್ಟು ಹಾರುವಂಥ ಭಾವ, ಅದು ಇರುತ್ತಿರಲಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಶ್ನಾಬೆಲ್ ಯಾವುದನ್ನು ಬಿಟ್ಟರೆಂಬುದು ಆ ತಟ್ಟೆಯಲ್ಲಿ ದಾಖಲಾಗಿದೆ. ಎಷ್ಟು ಚೆನ್ನಾಗಿ ನುಡಿಸಿದರೂ ಅದಕ್ಕಿಂತ ಮೇಲೆಯೇ ಉಳಿಯುವ ಸಂಗೀತ ಮಾತ್ರ ತಮ್ಮನ್ನು ಸೆಳೆಯುತ್ತದೆಂದು ಅವರು ಹೇಳಿಕೊಂಡಿದ್ದರು. ಆ ಮಾತನ್ನು ನಡೆಸಿ ತೋರಿಸಿದವರೂ ಹೌದು.

ಇಲ್ಲಿ ಒಂದು ಎಚ್ಚರ ಅಗತ್ಯ. ತಪ್ಪು ನುಡಿಸುವುದೇ ದೊಡ್ಡತನವೆಂದು ನಾನು ಹೇಳುತ್ತಿಲ್ಲ. ಅಭ್ಯಾಸವಿಲ್ಲದೆ ಆಗುವ ತಪ್ಪು ಬೇರೆ, ಎಟುಕದ್ದಕ್ಕೆ ಕೈ ಚಾಚಿದಾಗ ಆಗುವ ತಪ್ಪು ಬೇರೆ. ಅದೇ ಸೊನಾಟದ ಮೂರನೆಯ ಭಾಗವನ್ನು ಕೇಳಿದರೆ ಸಂದೇಹ ಉಳಿಯುವುದಿಲ್ಲ. ಅದು ಅತಿ ವಿಳಂಬ ಗತಿಯ ಭಾಗ. ಶ್ನಾಬೆಲ್ ಕೈಯಲ್ಲಿ ಸುಮಾರು 18 ನಿಮಿಷ ನಡೆಯುತ್ತದೆ. ನಾಲ್ಕು ನಿಮಿಷಗಳ ಮುಖಗಳಾಗಿ ಒಡೆದು, ನಡುನಡುವೆ ನಿಲ್ಲಿಸಿ ನುಡಿಸಿದ್ದೆಂದು ಇಂದು ಕೇಳುವವರಿಗೆ ಅನುಮಾನವೇ ಬರುವುದಿಲ್ಲ. ಒಂದು ಉಸಿರು ಇನ್ನೊಂದಕ್ಕೆ ಕೂಡಿಕೊಂಡಂತೆ ಅದು ಸಾಗುತ್ತದೆ. ಹಾಗೆ ನುಡಿಸಬಲ್ಲವನಿಗೆ ಮೊದಲ ಭಾಗವನ್ನು ಸುರಕ್ಷಿತವಾಗಿ ದಾಟುವುದು ಕಷ್ಟವಿರಲಿಲ್ಲ. ಆತ ಸುರಕ್ಷತೆಯನ್ನು ಬೇಡವೆಂದ.

ಇನ್ನೊಂದು ಬಗೆಯ ಧೈರ್ಯ ರುಮೇನಿಯದ ದೀನು ಲಿಪಾಟಿಯದು. 1950ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋ ಪಟ್ಟಣದಲ್ಲಿ ಅವರ ಕಛೇರಿಯಿತ್ತು. 33 ವರ್ಷದ ಲಿಪಾಟಿ ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದ ಸಾವಿಗೆ ಹತ್ತಿರವಾಗಿದ್ದರು. ಬೇಡವೆಂದು ವೈದ್ಯರು ತಡೆದರೂ ಬಂದು ಕುಳಿತರು. ಮೊಟ್ಸಾರ್ಟ್ 1778ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ರಚಿಸಿದ ಎ ಮೈನರ್ ಸೊನಾಟವೂ ಅಂದಿನ ಕಾರ್ಯಕ್ರಮದಲ್ಲಿತ್ತು. ಕೊನೆಯಲ್ಲಿ ಶೋಪಾಂನ 14 ವಾಲ್ಟ್ಸ್‌ಗಳನ್ನು ನುಡಿಸಬೇಕಿತ್ತು. 13 ಆಗುವಷ್ಟರಲ್ಲಿ ಶಕ್ತಿ ಮುಗಿಯಿತು. ಮುಂದಿನ ಡಿಸೆಂಬರ್ 2ರಂದು ತೀರಿಕೊಂಡರು. ಅಂದಿನ ಕಛೇರಿಯ ಮುದ್ರಣ ಉಳಿದಿದೆ. ಆ ಮೊಟ್ಸಾರ್ಟ್ ಸೊನಾಟದಲ್ಲಿ ಅನುಕಂಪ ಬೇಡುವ ಒಂದು ಸ್ವರವೂ ಇಲ್ಲ. ಕಥೆ ಗೊತ್ತಿಲ್ಲದವರು ಕೇಳಿದರೆ, ಆರೋಗ್ಯವಂತನಾದ ತರುಣನೊಬ್ಬ ಸ್ವಚ್ಛವಾಗಿ ನುಡಿಸುತ್ತಿದ್ದಾನೆಂದೇ ತಿಳಿದಾರು.

ಮೈಸೂರಿನಿಂದ ಹೋದ ಹಣ

ಈಗ ಮೈಸೂರಿನ ಮಾತು. ಜಯಚಾಮರಾಜ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮಗೆ ಗೊತ್ತು. ಅವರು ಪಿಯಾನೊ ವಾದಕರೂ ಆಗಿದ್ದರೆಂಬುದು, ಅದನ್ನೇ ಬಾಳಿನ ವೃತ್ತಿಯಾಗಿಸಿಕೊಳ್ಳುವ ಆಸೆಯಿತ್ತೆಂಬುದು ಅಷ್ಟಾಗಿ ತಿಳಿಯದು. 1940ರಲ್ಲಿ ತಂದೆಯೂ ದೊಡ್ಡಪ್ಪನವರಾದ ನಾಲ್ವಡಿಯವರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, 21ರ ತರುಣನಿಗೆ ಪಟ್ಟವಾಯಿತು. ಪಿಯಾನೊ ಅರಮನೆಯೊಳಗೇ ಉಳಿಯಿತು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಆಗಿ ಆರಿಸಿತು. ಅವರ ಧ್ವನಿಮುದ್ರಿಕೆಗಳ ಸಂಗ್ರಹ 1950ರ ಹೊತ್ತಿಗೆ ಸುಮಾರು 20,000ವೆಂದು ಅಂದಾಜಾಗಿತ್ತು.

ಅಂದು ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರರಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಜನಿಸಿ, 1921ರಲ್ಲಿ ತಾಯ್ನಾಡನ್ನು ಬಿಟ್ಟು, ಬರ್ಲಿನ್, ಪ್ಯಾರಿಸ್ ಅಲೆದು, 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದ್ದರು. ಪಿಯಾನೊಗೆಂದು 14 ಸೊನಾಟಗಳನ್ನು ಬರೆದವರು. ರಾಹ್ಮನಿನೊವ್ ಅವರ ಗೆಳೆಯ. ಆದರೆ ಹೊಸ ಸಂಗೀತದ ಅಲೆಗೆ ಬೆನ್ನು ತಿರುಗಿಸಿ ನಿಂತ ಅವರನ್ನು ಕೇಳುವವರು ಕಡಿಮೆಯಾಗಿದ್ದರು. ಯುದ್ಧ ಬಂದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ತಮ್ಮ ಕೃತಿಗಳನ್ನು ತಾವೇ ನುಡಿಸಿ ಉಳಿಸುವ ಅವಕಾಶವಿಲ್ಲದೆಯೇ ಅವರು ಕಣ್ಣು ಮುಚ್ಚುವ ಸಂಭವವಿತ್ತು.

ಅದನ್ನು ತಪ್ಪಿಸಿದವರು ಮೈಸೂರಿನ ಮಹಾರಾಜರು. ಅವರ ಹಣದಿಂದ ‘ಮೆಟ್ನರ್ ಸೊಸೈಟಿ’ ಹುಟ್ಟಿತು. ಶ್ನಾಬೆಲ್ ಅವರಿಗಾಗಿ 1930ರ ದಶಕದಲ್ಲಿ ಬಳಸಿದ ಅದೇ ‘ಸೊಸೈಟಿ’ ಎಂಬ ಹೆಸರು. ವ್ಯತ್ಯಾಸವೆಂದರೆ ನೂರಾರು ಚಂದಾದಾರರ ಜಾಗದಲ್ಲಿ ಈಗ ಒಬ್ಬರೇ ಪೋಷಕರು. ಲಂಡನ್ನಿನಲ್ಲಿ ಅದನ್ನು ನಡೆಸಿದವರಲ್ಲಿ ಮುಖ್ಯರು ಅದೇ ವಾಲ್ಟರ್ ಲೆಗ್. ಮಹಾರಾಜರ ಆಹ್ವಾನದ ಮೇರೆಗೆ ಮೈಸೂರಿಗೂ ಬಂದು ಹೋದವರು. ಅವರು 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ ವಾದ್ಯಮೇಳಕ್ಕೂ ಮಹಾರಾಜರ ಧನಸಹಾಯ ದೊರೆಯಿತು; ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಜಯಚಾಮರಾಜ ಒಡೆಯರೇ. 1947ರಿಂದ ಆರಂಭಿಸಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು, ಅನೇಕ ಗೀತೆಗಳನ್ನು, ‘ಸೊನಾಟ-ಬಲ್ಲಾಡ’ವನ್ನು, ಪಿಟೀಲು ಸೊನಾಟವನ್ನು, ಪಿಯಾನೊದೊಡನೆ ಹೆಣ್ಣು ಕಂಠವೊಂದು ಸಾಹಿತ್ಯವಿಲ್ಲದೆ ಬರಿಯ ಸ್ವರದಲ್ಲಿ ಹಾಡುವ ‘ಸೊನಾಟ-ವೊಕಲೀಸ್’ ಅನ್ನು ಮುದ್ರಿಸಿದರು. ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ತೀರಿಕೊಂಡರು. ಶ್ನಾಬೆಲ್ ನಿಧನರಾದದ್ದೂ ಅದೇ ವರ್ಷದ ಆಗಸ್ಟಿನಲ್ಲಿ.

ಈ ಕಥೆಯನ್ನು ಹೆಮ್ಮೆಯಿಂದ ಹೇಳಿ ಮುಗಿಸುವುದು ಸುಲಭ. ಆದರೆ 1947ನ್ನು ನೆನೆದಾಗ ಇನ್ನೊಂದು ದೃಶ್ಯವೂ ಕಣ್ಣ ಮುಂದೆ ಬರಬೇಕು. ಆ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಸಂಸ್ಥಾನದ ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಸಾವಿರಾರು ಮಂದಿ ಸೆರೆಮನೆ ಸೇರಿದ್ದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಲಂಡನ್ನಿನಲ್ಲಿ ರಷ್ಯನ್ ಸಂಗೀತಕಾರರೊಬ್ಬರ ಸೊನಾಟ ಮುದ್ರಣವಾಗುತ್ತಿದ್ದದ್ದು ಇದೇ ವರ್ಷ. ಅರಮನೆಯ ಹಣವೆಂದರೆ ಕೊನೆಗೂ ಈ ನೆಲದಲ್ಲಿ ದುಡಿದವರ ಹಣವೇ. ಅದು ಲಂಡನ್ನಿಗೆ ಹೋಗಬೇಕಿತ್ತೇ ಎಂದು ಅಂದಿನ ರೈತನೊಬ್ಬ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ ಆಗುತ್ತಿತ್ತು. ಅದಕ್ಕೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ.

ಆದರೆ ಅದೇ ಪ್ರಶ್ನೆಯಿಂದ ಇನ್ನೊಂದು ಮಾತು ಹುಟ್ಟುತ್ತದೆ. ಹಣ ನಮ್ಮ ನೆಲದ್ದಾದರೆ, ಅದರಿಂದ ಉಳಿದ ಸಂಗೀತದಲ್ಲಿ ನಮಗೂ ಪಾಲಿರಬೇಕಲ್ಲವೆ? ಯೂರೋಪಿನಲ್ಲಿ ಪಿಯಾನೊ ಕಲಿಯುವವರು ಮೆಟ್ನರ್ ಹೆಸರಿನೊಡನೆ ಮೈಸೂರಿನ ಹೆಸರನ್ನೂ ಓದುತ್ತಾರೆ. ಮೈಸೂರಿನಲ್ಲಿ ಮೆಟ್ನರ್ ಹೆಸರನ್ನು ಕೇಳಿದವರೆಷ್ಟು ಮಂದಿ? ದುಡ್ಡು ಕೊಟ್ಟ ಮನೆಯವರೇ ಊಟಕ್ಕೆ ಕೂರದಂತಾಗಿದೆ ನಮ್ಮ ಸ್ಥಿತಿ.

ಕೇಳುವ ಬಗೆ

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಾಗಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ. ಶ್ನಾಬೆಲ್ ಅವರ ಸೊನಾಟಗಳೂ, ಮೆಟ್ನರ್ ಸೊಸೈಟಿ ಅಂದು ಹೊರತಂದ ತಟ್ಟೆಗಳೂ ಆ ಅವಧಿಯನ್ನು ದಾಟಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲಿ ವಾರಕ್ಕೊಂದು ಸಂಜೆ, ಒಂದು ಕೋಣೆ, ಒಳ್ಳೆಯ ಎರಡು ಧ್ವನಿವರ್ಧಕಗಳು, ವಿಷಯ ತಿಳಿದು ಹತ್ತು ಮಾತು ಹೇಳುವ ಒಬ್ಬರು, ಇಷ್ಟಿದ್ದರೆ ಸಾಕು. ಹಳೆಯ ಕರ್ನಾಟಕ, ಹಿಂದೂಸ್ತಾನಿ ತಟ್ಟೆಗಳನ್ನೂ ಅದೇ ಕೋಣೆಯಲ್ಲಿ ಕೇಳಿಸಬಹುದು. ಸಂಗ್ರಹಿಸಿ ಬೀಗ ಹಾಕಿಟ್ಟ ಸಂಗೀತ ಉಳಿದಂತಲ್ಲ. ಅದು ಉಳಿಯುವುದು ಕೇಳಿದಾಗ.

ಹೊಸದಾಗಿ ಕೇಳುವವರಿಗೆ ನನ್ನ ಅನುಭವದಿಂದ ಒಂದೆರಡು ಮಾತು. ಗರಗರ ಸದ್ದಿಗೆ ಹೆದರಿ ಮೊದಲ ನಿಮಿಷದಲ್ಲೇ ನಿಲ್ಲಿಸಬಾರದು. ಹೆಂಚಿನ ಮೇಲೆ ಮಳೆ ಬೀಳುವಾಗಲೂ ಪಕ್ಕದಲ್ಲಿ ಕೂತವರ ಮಾತು ನಮಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮಳೆಯ ಸದ್ದು ಹಿಂದಕ್ಕೆ ಸರಿಯುತ್ತದೆ. ಇಲ್ಲಿಯೂ ಹಾಗೆಯೇ. ಒಂದೇ ಮುದ್ರಣ ಹಲವು ಬಗೆಯ ಹೊಸ ಅವತರಣಿಕೆಗಳಲ್ಲಿ ಸಿಗುತ್ತದೆ. ಕೆಲವರು ಯಂತ್ರದಿಂದ ಸದ್ದನ್ನೆಲ್ಲ ತೊಳೆದುಬಿಡುತ್ತಾರೆ. ಅದರೊಡನೆ ಪಿಯಾನೊದ ಹೊಳಪೂ ತೊಳೆದುಹೋಗಿ ನಾದ ಹತ್ತಿಯಲ್ಲಿ ಸುತ್ತಿದಂತಾಗುತ್ತದೆ. ಮಾರ್ಕ್ ಓಬರ್ಟ್-ಥಾರ್ನ್, ದೃಷ್ಟಿಯಿಲ್ಲದೆ ಕಿವಿಯನ್ನೇ ನಂಬಿ ಬಾಳಿದ ವಾರ್ಡ್ ಮಾರ್ಸ್‌ಟನ್ ಮೊದಲಾದ ಕುಶಲಿಗಳು ಹಳೆಯ ತಟ್ಟೆಗಳಿಂದ ನಾದವನ್ನು ಎತ್ತಿಕೊಡುವುದರಲ್ಲಿ ಹೆಸರಾದವರು. ಸ್ವಲ್ಪ ಸದ್ದು ಉಳಿದರೂ ನಾದ ಜೀವಂತವಾಗಿರುವ ಅವತರಣಿಕೆಯನ್ನೇ ಆರಿಸಿಕೊಳ್ಳುವುದು ಮೇಲು.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಬೀಥೋವನ್‌ನ ಕೊನೆಯ ಪಿಯಾನೊ ಸೊನಾಟವನ್ನು, ಕೃತಿಸಂಖ್ಯೆ 111ನ್ನು, ಹೇಳುತ್ತೇನೆ. 1822ರಲ್ಲಿ ಮುಗಿದ ಕೃತಿಯಿದು. ಇದರಲ್ಲಿ ಎರಡೇ ಭಾಗ. ಎರಡನೆಯದು ಮಗುವೂ ಗುನುಗಬಹುದಾದ ಸರಳವಾದ ಒಂದು ವಾಕ್ಯದಿಂದ ಹೊರಡುತ್ತದೆ. ಆಮೇಲೆ ತಾಳದ ನಡೆ ಹಾಗೆಯೇ ಇದ್ದು, ಒಂದು ಪೆಟ್ಟಿಗೆ ಬರುವ ಸ್ವರಗಳು ಮಾತ್ರ ಹೆಚ್ಚುತ್ತ ಹೋಗುತ್ತವೆ. ಒಂದೇ ಕೀರ್ತನೆಯನ್ನು ಮೊದಲ ಕಾಲ, ಎರಡನೆಯ ಕಾಲ, ಮೂರನೆಯ ಕಾಲದಲ್ಲಿ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗೆ ಈ ನಡೆ ಹೊಸದಲ್ಲ. ಮೂರನೆಯ ಸುತ್ತಿನಲ್ಲಿ ಅದು ಕುಣಿಯುತ್ತದೆ. ಕೊನೆಗೆ ಪಿಯಾನೊದ ಬಲತುದಿಯ ಮನೆಗಳಲ್ಲಿ ಕಂಪನವಾಗಿ ನಿಂತು, ಮತ್ತೆ ಆ ಮೊದಲ ಸರಳ ವಾಕ್ಯಕ್ಕೆ ಮರಳಿ, ಸದ್ದಿಲ್ಲದೆ ಮುಗಿಯುತ್ತದೆ. ಶ್ನಾಬೆಲ್ ಅದನ್ನು ಬಹಳ ವಿಳಂಬವಾಗಿ ಎತ್ತಿಕೊಳ್ಳುತ್ತಾರೆ. ಒಂದು ಸ್ವರ ಆರುವವರೆಗೆ ಕಾದು ಇನ್ನೊಂದನ್ನು ಇಟ್ಟಂತೆ ಕೇಳುತ್ತದೆ. ಇದನ್ನು ಕೇಳಿದ ಮೇಲೆ ಮೆಟ್ನರ್ ಅವರ ‘ಸೊನಾಟ-ಬಲ್ಲಾಡ’ಕ್ಕೆ ಬರಬಹುದು. ಆಗ ಅವರಿಗೆ 67 ವರ್ಷ, ಹೃದಯ ಸೋತಿತ್ತು. ಆದರೂ ಬರೆದವನಿಗೆ ಮಾತ್ರ ತಿಳಿದಿರುವಂಥ ಸಲಿಗೆಯಿಂದ ನುಡಿಸುತ್ತಾರೆ. ಯಾವುದನ್ನು ಒತ್ತಿ ಹೇಳಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬ ವಿಷಯದಲ್ಲಿ ಅವರಿಗೆ ಅನುಮಾನವಿಲ್ಲ.

ಆ ಭಾನುವಾರ ಇಷ್ಟನ್ನೂ ನಾನು ಹುಡುಗಿಗೆ ಹೇಳಲಿಲ್ಲ. ಶ್ನಾಬೆಲ್ ತಪ್ಪಿದ್ದು ಏಕೆಂದು ಹೇಳಿದೆ. ಮುದ್ರಣದ ನಾಲ್ಕು ನಿಮಿಷಗಳ ಗಡುವನ್ನು ವಿವರಿಸಿದೆ. ಅವಳು ಮೊಬೈಲಿನಲ್ಲಿ ಸ್ವರಲಿಪಿಯನ್ನು ತೆಗೆದುಕೊಂಡು ಮೊದಲ ಭಾಗವನ್ನು ಮತ್ತೊಮ್ಮೆ ಹಾಕಿಸಿದಳು. ತಪ್ಪುಗಳನ್ನು ಬೆರಳು ಮಡಚಿ ಎಣಿಸತೊಡಗಿದಳು. ನಡುವೆ ಎಲ್ಲೋ ಲೆಕ್ಕ ತಪ್ಪಿತೋ, ಎಣಿಸುವುದೇ ಬೇಡವೆನಿಸಿತೋ ತಿಳಿಯದು. ಮುಗಿಯುವ ಹೊತ್ತಿಗೆ ಕೈ ಸುಮ್ಮನಿತ್ತು. ‘ಇಷ್ಟೊಂದು ತಪ್ಪಿದ್ರೂ ಎಲ್ಲೂ ನಿಲ್ಲಿಸಲಿಲ್ಲ’ ಎಂದಳು. ಪಾಠ ಮುಂದುವರಿಸುತ್ತೀಯಾ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಿಳಂಬ ಗತಿಯ ಭಾಗ ಮುಗಿಯುವವರೆಗೂ ಕೂತಿದ್ದಳು. ಆಮೇಲೆ, ‘ದೊಡ್ಡಪ್ಪ, ಮೈಸೂರಿನ ಮಹಾರಾಜರು ದುಡ್ಡು ಕೊಟ್ಟು ಮಾಡಿಸಿದ್ದು ಅಂತ ಒಂದ್ಸಲ ಹೇಳಿದ್ರಲ್ಲ, ಅದು ಯಾವುದು? ಅದನ್ನ ಹಾಕಿ’ ಎಂದಳು.

ಹಾಕಿದೆ.